ರೇಡ್ ಕಾರ್ಡ್ ಬೇಕಾ, ಜೆಡ್‌ಎಫ್‌ಎಸ್ ಸಾಕಾ? ನಮ್ಮ ಕಡೆಯ ಸಣ್ಣ ಸರ್ವರ್‌ಗಳಿಗೆ ಮಾರ್ಗದರ್ಶಿ

"ಸರ್, ಸರ್ವರ್‌ಗೆ ರೇಡ್ ಕಾರ್ಡ್ ಹಾಕ್ಸೋದು ಛಲೋನೋ, ಜೆಡ್‌ಎಫ್‌ಎಸ್ ಛಲೋನೋ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕಲಬುರಗಿಯ ದಾಲ್ ಮಿಲ್‌ನವರು ಕೇಳುತ್ತಾರೆ, ಬೀದರ್‌ನ ಲ್ಯಾಬ್‌ನವರು ಕೇಳುತ್ತಾರೆ, ಯಾದಗಿರಿಯ ಕಾಲೇಜಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು ಕೇಳುತ್ತಾರೆ. ಫೋನಿನಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಸರ್ವರ್‌ನಲ್ಲಿ ಲಿನಕ್ಸ್ ಓಡುತ್ತಿದ್ದರೆ, ಡಿಸ್ಕ್ ಎರಡರಿಂದ ಎಂಟರವರೆಗೆ ಇದ್ದರೆ, ಕಾರ್ಡ್ ಬೇಡ. ಡಿಸ್ಕ್‌ಗಳ ಉಸ್ತುವಾರಿಯನ್ನು ಫೈಲ್‌ಸಿಸ್ಟಮ್‌ಗೇ ಬಿಡಿ, ಅಂದರೆ ಡಿಸ್ಕ್ ಮೇಲೆ ಫೈಲ್‌ಗಳನ್ನು ಜೋಡಿಸಿಡುವ ಜೆಡ್‌ಎಫ್‌ಎಸ್‌ನಂಥ ಸಾಫ್ಟ್‌ವೇರ್‌ಗೆ. ಇದಕ್ಕೆ ಕಾರಣ ವೇಗ ಅಲ್ಲ, ದುಡ್ಡೂ ಅಲ್ಲ. ಕೆಟ್ಟ ದಿನ ಬಿಡಿಭಾಗ ಎಲ್ಲಿಂದ ಬರಬೇಕು ಅನ್ನುವುದೇ ಕಾರಣ. ಕಾರ್ಡೇ ಸರಿ ಅನ್ನುವ ಸಂದರ್ಭಗಳೂ ಇವೆ, ಅವನ್ನೂ ಹೇಳುತ್ತೇನೆ.

ಮೊದಲು ಕೆಲವು ಪದ

ರೇಡ್ ಅಂದರೆ ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದೇ ಡಿಸ್ಕ್‌ನಂತೆ ಬಳಸುವ ವಿಧಾನ. ಒಂದು ಕೆಟ್ಟರೂ ಕೆಲಸ ನಿಲ್ಲಬಾರದು, ಅದೇ ಉದ್ದೇಶ. ಈ ಹೆಸರು ಬಂದದ್ದು 1988ರಲ್ಲಿ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್‌ಸನ್, ಗಿಬ್ಸನ್, ಕ್ಯಾಟ್ಜ್ ಬರೆದ ಪ್ರಬಂಧದಿಂದ.

ಮಿರರ್ ಅಥವಾ ರೇಡ್ 1: ಒಂದೇ ಲೆಕ್ಕವನ್ನು ಎರಡು ಪುಸ್ತಕದಲ್ಲಿ ಬರೆದಂತೆ. ಒಂದು ಹೋದರೆ ಇನ್ನೊಂದು ಇದೆ.

ಪ್ಯಾರಿಟಿ, ಅಂದರೆ ರೇಡ್ 5 ಮತ್ತು 6: ಮೂರು ಚೀಲ ತೊಗರಿ ತೂಗಿ, ಮೂರರ ತೂಕವನ್ನೂ ಒಟ್ಟು ತೂಕವನ್ನೂ ಬರೆದಿಟ್ಟಿದ್ದೀರಿ ಅನ್ನಿ. ಒಂದು ಚೀಲದ ಚೀಟಿ ಕಳೆದರೂ, ಒಟ್ಟಿನಿಂದ ಉಳಿದ ಎರಡನ್ನು ಕಳೆದರೆ ಅದು ಸಿಗುತ್ತದೆ. ರೇಡ್ 5ರಲ್ಲಿ ಹೀಗೆ ಒಂದು ಡಿಸ್ಕ್ ಕಳೆದುಕೊಳ್ಳಬಹುದು, ರೇಡ್ 6ರಲ್ಲಿ ಎರಡು.

ಚೆಕ್‌ಸಮ್: ಲೆಕ್ಕದ ಪುಸ್ತಕದಲ್ಲಿ ಪ್ರತಿ ಪುಟದ ಮೊತ್ತ ಬರೆದಿಡುವಂತೆ. ಯಾವುದೋ ಅಂಕಿ ಬದಲಾದರೆ ಮೊತ್ತ ತಾಳೆಯಾಗುವುದಿಲ್ಲ, ತಪ್ಪು ಸಿಕ್ಕಿಬೀಳುತ್ತದೆ.

ಹಾರ್ಡ್‌ವೇರ್ ರೇಡ್‌ನಲ್ಲಿ ಒಂದು ಪ್ರತ್ಯೇಕ ಕಾರ್ಡ್ ಇದೆಲ್ಲ ಮಾಡುತ್ತದೆ. ಅದರಲ್ಲೇ ಪ್ರೊಸೆಸರ್, ಮೆಮೊರಿ, ಕೆಲವಕ್ಕೆ ಬ್ಯಾಟರಿ ಇರುತ್ತದೆ. ಆಪರೇಟಿಂಗ್ ಸಿಸ್ಟಮ್‌ಗೆ ಕಾಣುವುದು ಒಂದೇ ದೊಡ್ಡ ಡಿಸ್ಕ್. ಇನ್ನೊಂದು ದಾರಿಯಲ್ಲಿ ಡಿಸ್ಕ್‌ಗಳು ನೇರವಾಗಿ ಆಪರೇಟಿಂಗ್ ಸಿಸ್ಟಮ್‌ಗೆ ಕಾಣುತ್ತವೆ. ಜೆಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್‌ನಂಥ ಫೈಲ್‌ಸಿಸ್ಟಮ್‌ಗಳು ಅಥವಾ ಲಿನಕ್ಸ್‌ನ ಎಂಡಿ-ಅಡ್ಮ್ ಅವನ್ನು ಜೋಡಿಸುತ್ತವೆ.

(ಕಮಾಂಡ್‌ಗಳ ಹೆಸರನ್ನು ಇಲ್ಲಿ ಬಾಯಲ್ಲಿ ಹೇಳುವಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.)

ಹಂತ 1: ಸರ್ವರ್‌ನಲ್ಲಿ ಏನು ಓಡುತ್ತದೆ, ನೋಡಿ

ಎಷ್ಟೋ ಸಲ ಪ್ರಶ್ನೆ ಇಲ್ಲೇ ಮುಗಿದುಹೋಗುತ್ತದೆ.

ವಿಎಂವೇರ್ ಇಎಸ್‌ಎಕ್ಸ್‌ಐ (ಒಂದೇ ಸರ್ವರ್‌ನಲ್ಲಿ ಹಲವು ವರ್ಚುವಲ್ ಮಷಿನ್, ಅಂದರೆ ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಕಂಪ್ಯೂಟರ್ ಓಡಿಸುವ ವ್ಯವಸ್ಥೆ) ಇದ್ದರೆ ಕಾರ್ಡ್ ಬೇಕು. ಒಂದೇ ಸರ್ವರ್‌ನ ಒಳಗಿನ ಡಿಸ್ಕ್‌ಗಳನ್ನು ಅದು ತಾನಾಗಿ ಮಿರರ್ ಮಾಡುವುದಿಲ್ಲ.

ವಿಂಡೋಸ್ ಸರ್ವರ್ ನೇರವಾಗಿ ಹಾಕಿ ಅದರ ಮೇಲೆ ಟ್ಯಾಲಿ ಓಡಿಸುತ್ತಿದ್ದರೆ, ಬ್ಯಾಟರಿ ಇರುವ ಕಾರ್ಡ್ ಹಾಕಿ ಎರಡು ಡಿಸ್ಕ್ ಮಿರರ್ ಮಾಡಿ. ವಿಂಡೋಸ್‌ನಲ್ಲೇ ಸ್ಟೋರೇಜ್ ಸ್ಪೇಸಸ್ ಅನ್ನುವ ಸೌಲಭ್ಯ ಇದೆ. ಆದರೆ ಅದು ಕೆಟ್ಟಾಗ ರಿಪೇರಿ ಮಾಡಿ ಅಭ್ಯಾಸ ಇರುವವರನ್ನು ನಾನು ನಮ್ಮ ಕಡೆ ಕಂಡಿಲ್ಲ. ಹಾಗಾಗಿ ಅದನ್ನು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಪ್ರಾಕ್ಸ್‌ಮಾಕ್ಸ್, ಉಬುಂಟು, ಡೆಬಿಯನ್ ಅಥವಾ ಟ್ರೂನಾಸ್ ಇದ್ದರೆ ಜೆಡ್‌ಎಫ್‌ಎಸ್ ಕಡೆ ಹೋಗಿ. ವಿಂಡೋಸ್ ಬೇಕೇ ಬೇಕು ಅನ್ನುವವರಿಗೂ ಒಂದು ದಾರಿ ಇದೆ: ಕೆಳಗೆ ಪ್ರಾಕ್ಸ್‌ಮಾಕ್ಸ್ (ಇದೂ ವರ್ಚುವಲ್ ಮಷಿನ್ ಓಡಿಸುವುದೇ) ಹಾಕಿ, ಅದರೊಳಗೆ ವಿಂಡೋಸ್ ಅನ್ನು ವರ್ಚುವಲ್ ಮಷಿನ್ ಆಗಿ ಓಡಿಸಿ. ಡಿಸ್ಕ್‌ಗಳನ್ನು ಆಗ ಜೆಡ್‌ಎಫ್‌ಎಸ್ ಕಾಯುತ್ತದೆ.

ರೆಡ್ ಹ್ಯಾಟ್ ಬಳಗದ ಲಿನಕ್ಸ್ ಆದರೆ ಎಂಡಿ-ಅಡ್ಮ್ ಮಿರರ್ ಸಾಕು. ಜೆಡ್‌ಎಫ್‌ಎಸ್‌ನ ಲೈಸೆನ್ಸ್ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಲೈಸೆನ್ಸ್‌ಗೆ ಹೊಂದುವುದಿಲ್ಲ. ಹಾಗಾಗಿ ಅದನ್ನು ಹೊರಗಿನಿಂದ ಸೇರಿಸಬೇಕು. ಕರ್ನಲ್ ಅಪ್‌ಡೇಟ್ ಆದ ಮೇಲೆ ಅದು ಲೋಡ್ ಆಗದೆ ನಿಂತರೆ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ತೊಂದರೆ. ಉಬುಂಟು 2016ರ 16.04 ಆವೃತ್ತಿಯಿಂದ ಜೆಡ್‌ಎಫ್‌ಎಸ್ ಅನ್ನು ತಾನೇ ಜೊತೆಗೆ ಕೊಡುತ್ತಿದೆ. ಪ್ರಾಕ್ಸ್‌ಮಾಕ್ಸ್ ಕೂಡ ಕೊಡುತ್ತದೆ.

ಹಂತ 2: ಒಳಗೆ ಈಗ ಇರುವ ಕಾರ್ಡ್ ಯಾವುದು?

ನಮ್ಮ ಕಡೆ ಬಹಳ ಜನ ಹಳೆಯ ಡೆಲ್, ಎಚ್‌ಪಿ ಸರ್ವರ್ ತರುತ್ತಾರೆ. ಅವುಗಳಲ್ಲಿ ಕಾರ್ಡ್ ಮೊದಲೇ ಇರುತ್ತದೆ. "ಇದೆಯಲ್ಲ, ಸುಮ್ನೆ ಯಾಕೆ ಬಿಡೋದು" ಅಂತ ಅದರಲ್ಲಿ ರೇಡ್ 5 ಮಾಡಿ, ಅದರ ಮೇಲೆ ಜೆಡ್‌ಎಫ್‌ಎಸ್ ಹಾಕುತ್ತಾರೆ. ದಯವಿಟ್ಟು ಹೀಗೆ ಮಾಡಬೇಡಿ. ಜೆಡ್‌ಎಫ್‌ಎಸ್‌ಗೆ ಆಗ ಒಂದೇ ಡಿಸ್ಕ್ ಕಾಣುತ್ತದೆ. ತಪ್ಪು ಇದೆ ಅಂತ ಅದು ಕಂಡುಹಿಡಿಯುತ್ತದೆ, ಆದರೆ ಸರಿಮಾಡಲು ಇನ್ನೊಂದು ಪ್ರತಿ ಅದರ ಕೈಯಲ್ಲಿ ಇರುವುದಿಲ್ಲ. ಒಂದೊಂದು ಡಿಸ್ಕನ್ನೂ ಬೇರೆಬೇರೆ ರೇಡ್ 0 (ರಕ್ಷಣೆಯೇ ಇಲ್ಲದ ಬಗೆ) ಮಾಡಿ ಕೊಡುವುದೂ ಅಷ್ಟೇ ತಪ್ಪು. ಕಾರ್ಡ್ ಇನ್ನೂ ನಡುವೆ ನಿಂತಿರುತ್ತದೆ, ಡಿಸ್ಕ್ ಬದಲಿಸುವಾಗ ಮತ್ತೆ ಅದರ ಮೆನುವಿಗೇ ಹೋಗಬೇಕು.

ಬೇಕಾದದ್ದು ಎಚ್‌ಬಿಎ, ಅಂದರೆ ಡಿಸ್ಕ್‌ಗಳನ್ನು ಇದ್ದ ಹಾಗೇ ಮುಂದಕ್ಕೆ ದಾಟಿಸುವ ಕಾರ್ಡ್. ಡೆಲ್‌ನ ಪರ್ಕ್ ಎಚ್730, ಎಚ್‌ಪಿಯ ಪಿ440ಎಆರ್‌ನಂಥವುಗಳಲ್ಲಿ ಸೆಟ್ಟಿಂಗ್ ಬದಲಿಸಿ ಎಚ್‌ಬಿಎ ಮೋಡ್‌ಗೆ ಹಾಕಬಹುದು. ಆಗದಿದ್ದರೆ ಎಲ್‌ಎಸ್‌ಐ 9211 ಅಥವಾ 9300 ಸರಣಿಯ ಕಾರ್ಡ್ ತಗೊಳ್ಳಿ. ಕೊಳ್ಳುವಾಗ "ಐಟಿ ಮೋಡ್ ಫರ್ಮ್‌ವೇರ್ ಇದೆಯಾ" ಅಂತ ಕೇಳಿ, ಅದೂ ಡಿಸ್ಕ್‌ಗಳನ್ನು ಇದ್ದ ಹಾಗೇ ದಾಟಿಸುವ ಮೋಡ್. ಡಿಸ್ಕ್ ನಾಲ್ಕೇ ಇದ್ದರೆ ಮದರ್‌ಬೋರ್ಡ್‌ನ ಸಾಟಾ ಪೋರ್ಟ್ ಸಾಕು.

ಎಚ್ಚರಿಕೆ: ಮದರ್‌ಬೋರ್ಡ್‌ನ ಬಯಾಸ್‌ನಲ್ಲಿ ಕಾಣುವ "ರೇಡ್" ನಿಜವಾದ ಹಾರ್ಡ್‌ವೇರ್ ರೇಡ್ ಅಲ್ಲ. ಕೆಲಸವನ್ನೆಲ್ಲ ಡ್ರೈವರ್ ಸಾಫ್ಟ್‌ವೇರೇ ಮಾಡುತ್ತದೆ. ಡೆಲ್‌ನಲ್ಲಿ ಎಸ್ ಅಕ್ಷರದಿಂದ ಶುರುವಾಗುವ ಪರ್ಕ್‌ಗಳೂ ಇದೇ ಜಾತಿ. ಎರಡೂ ದಾರಿಗಳ ತೊಂದರೆ ಇದರಲ್ಲಿ ಇವೆ, ಅನುಕೂಲ ಮಾತ್ರ ಇಲ್ಲ. ಅದನ್ನು ಆಫ್ ಮಾಡಿ ಎಎಚ್‌ಸಿಐಗೆ (ಡಿಸ್ಕ್‌ಗಳು ನೇರವಾಗಿ ಕಾಣುವ ಸೆಟ್ಟಿಂಗ್‌ಗೆ) ಹಾಕಿ. ಆದರೆ ಖಾಲಿ ಡಿಸ್ಕ್ ಇರುವಾಗ ಮಾತ್ರ. ಡೇಟಾ ಇರುವ ಸರ್ವರ್‌ನಲ್ಲಿ ಈ ಸೆಟ್ಟಿಂಗ್ ಮುಟ್ಟಬೇಡಿ.

ಹಂತ 3: ಕೆಟ್ಟ ದಿನವನ್ನು ಈಗಲೇ ಯೋಚಿಸಿ

ಇದನ್ನು ನಿಧಾನವಾಗಿ ಓದಿ. ಇಡೀ ಲೇಖನದಲ್ಲಿ ನನಗೆ ಮುಖ್ಯ ಅನ್ನಿಸುವ ಭಾಗ ಇದು.

ಡಿಸ್ಕ್ ಕೆಡುವುದಕ್ಕೆ ಎಲ್ಲರೂ ತಯಾರಿ ಮಾಡಿರುತ್ತಾರೆ. ಕಾರ್ಡ್ ಕೆಡುವುದಕ್ಕೆ ಯಾರೂ ಮಾಡಿರುವುದಿಲ್ಲ. ರೇಡ್ ಕಾರ್ಡ್ ತನ್ನ ಗುರುತನ್ನು ಡಿಸ್ಕ್‌ಗಳ ಮೇಲೆ ತನ್ನದೇ ರೀತಿಯಲ್ಲಿ ಬರೆಯುತ್ತದೆ. ಅದನ್ನು ಸರಿಯಾಗಿ ಓದಲು ಅದೇ ಕಂಪನಿಯ, ಅದೇ ಕುಟುಂಬದ ಕಾರ್ಡ್ ಬೇಕು. ನಾನು ನೋಡಿದ ಒಂದು ಕಡೆ ನಾಲ್ಕು ಡಿಸ್ಕೂ ಗಟ್ಟಿಮುಟ್ಟಾಗಿದ್ದವು, ಸುಟ್ಟದ್ದು ಕಾರ್ಡ್ ಮಾತ್ರ. ಡೇಟಾ ಎಲ್ಲ ಇತ್ತು, ಓದಲು ಮಾತ್ರ ದಾರಿ ಇರಲಿಲ್ಲ. ಅದೇ ಮಾಡೆಲ್‌ನ ಕಾರ್ಡ್ ಹುಡುಕಿ ತರಿಸುವವರೆಗೆ ಒಂಬತ್ತು ದಿನ ಕೈಬರಹದ ಬಿಲ್.

ಬೆಂಗಳೂರಿನಲ್ಲಿ ಇರುವವರಿಗೆ ಎಸ್‌ಪಿ ರಸ್ತೆ ಇದೆ. ನಮಗೆ ಹತ್ತಿರದ ದೊಡ್ಡ ಮಾರುಕಟ್ಟೆ ಸಿಕಂದರಾಬಾದ್‌ನ ಸಿಟಿಸಿ. ಬೀದರ್‌ನಿಂದ ಹೈದರಾಬಾದ್‌ಗೆ ಸುಮಾರು 140 ಕಿಲೋಮೀಟರ್, ಕಲಬುರಗಿಯಿಂದ 220ರ ಹತ್ತಿರ. ಹೋದ ದಿನವೇ ಹಳೇ ಕಾರ್ಡ್ ಸಿಕ್ಕೇ ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಸಾಮಾನ್ಯ ಸಾಟಾ ಡಿಸ್ಕ್, ಸಾಮಾನ್ಯ ಕಂಪ್ಯೂಟರ್ ಮಾತ್ರ ನಮ್ಮ ಊರಲ್ಲೇ ಸಿಗುತ್ತವೆ. ಜೆಡ್‌ಎಫ್‌ಎಸ್ ಅಥವಾ ಎಂಡಿ-ಅಡ್ಮ್ ಡಿಸ್ಕ್‌ಗಳನ್ನು ಸುಟ್ಟ ಸರ್ವರ್‌ನಿಂದ ತೆಗೆದು, ಯಾವುದೇ ಕಂಪ್ಯೂಟರ್‌ಗೆ ಜೋಡಿಸಿ, ಲಿನಕ್ಸ್ ಹಾಕಿ, ಜೆಡ್‌ಎಫ್‌ಎಸ್ ಆದರೆ "ಜೆಡ್‌ಪೂಲ್ ಇಂಪೋರ್ಟ್", ಎಂಡಿ-ಅಡ್ಮ್ ಆದರೆ ಅದರ "ಅಸೆಂಬಲ್" ಕೊಟ್ಟರೆ ಎದ್ದು ಕೂರುತ್ತವೆ. ಯಾವ ಡಿಸ್ಕ್ ಯಾವ ಪೋರ್ಟ್‌ಗೆ ಅನ್ನುವ ಚಿಂತೆಯೂ ಇಲ್ಲ. ಇಂಪೋರ್ಟ್ ಮಾಡುವ ಕಡೆ ಜೆಡ್‌ಎಫ್‌ಎಸ್ ಆವೃತ್ತಿ ಹಳೆಯದಾಗಿರಬಾರದು, ಅಷ್ಟು ನೋಡಿಕೊಳ್ಳಿ.

ಎರಡನೆಯ ವಿಷಯ, ಸದ್ದಿಲ್ಲದೆ ಆಗುವ ತಪ್ಪು. ಎರಡು ಲೆಕ್ಕದ ಪುಸ್ತಕಗಳಲ್ಲಿ ಬೇರೆಬೇರೆ ಅಂಕಿ ಕಂಡರೆ ಯಾವುದು ಸರಿ? ಸಾಮಾನ್ಯ ರೇಡ್ ಕಾರ್ಡ್ ಮಿರರ್‌ನಲ್ಲಿ ಎರಡೂ ಒಂದೇ ಥರ ಇಲ್ಲ ಅಂತ ಹೇಳಬಲ್ಲದು, ಸರಿ ಯಾವುದು ಅಂತ ಹೇಳಲಾರದು. ಎಂಡಿ-ಅಡ್ಮ್ ಕೂಡ ಅಷ್ಟೇ. ಜೆಡ್‌ಎಫ್‌ಎಸ್ ಪ್ರತಿ ತುಂಡಿನ ಚೆಕ್‌ಸಮ್ ಬೇರೆ ಕಡೆ ಬರೆದಿಟ್ಟಿರುತ್ತದೆ. ಓದುವಾಗ ತಾಳೆ ನೋಡಿ, ಸರಿಯಾದ ಪ್ರತಿಯಿಂದ ಕೆಟ್ಟದ್ದನ್ನು ತಾನೇ ತಿದ್ದುತ್ತದೆ. ರೋಗಿಗಳ ರಿಪೋರ್ಟ್, ಹತ್ತು ವರ್ಷದ ಫೋಟೋ, ಮಕ್ಕಳ ಅಂಕಪಟ್ಟಿ ಇಟ್ಟವರಿಗೆ ಇದು ದೊಡ್ಡ ಮಾತು.

ಕಾರ್ಡ್‌ನ ಪರವಾಗಿ ಹೇಳಬೇಕಾದದ್ದೂ ಇದೆ. ಡಿಸ್ಕ್ ಕೆಟ್ಟರೆ ಕೆಂಪು ಅಥವಾ ಹಳದಿ ದೀಪ ಉರಿಯುತ್ತದೆ. ಲಿನಕ್ಸ್ ಗೊತ್ತಿಲ್ಲದ ಹುಡುಗನೂ ಅದನ್ನು ಎಳೆದು ಹೊಸದು ಹಾಕಬಹುದು, ರೀಬಿಲ್ಡ್ (ಹೊಸ ಡಿಸ್ಕ್‌ಗೆ ಡೇಟಾ ಮತ್ತೆ ತುಂಬುವುದು) ತಾನಾಗಿ ಶುರುವಾಗುತ್ತದೆ. ನಿಮ್ಮಲ್ಲಿ ಕಮಾಂಡ್ ಕೊಡುವವರು ಯಾರೂ ಇಲ್ಲ, ಫೋನಿನಲ್ಲಿ ಹೇಳಿಕೊಡುವವರೂ ಇಲ್ಲ ಅಂದರೆ ಕಾರ್ಡೇ ಸರಿ. ಆದರೆ ಒಂದೇ ಥರದ ಎರಡು ಕಾರ್ಡ್ ಕೊಂಡು, ಒಂದನ್ನು ಬೀರುವಿನಲ್ಲಿ ಇಡಿ. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಹಂತ 4: ಕರೆಂಟ್‌ನ ಏರ್ಪಾಡು

ರೇಡ್ ಕಾರ್ಡ್ ವೇಗವಾಗಿ ಕಾಣುವುದು ರೈಟ್ ಬ್ಯಾಕ್‌ನಿಂದ. ಅಂದರೆ ಬರೆಯಬೇಕಾದ ಡೇಟಾವನ್ನು ತನ್ನ ಮೆಮೊರಿಯಲ್ಲಿ ಇಟ್ಟುಕೊಂಡು "ಬರೆದಾಯ್ತು" ಅಂತ ಮೊದಲೇ ಹೇಳುತ್ತದೆ. ಆ ಹೊತ್ತಿನಲ್ಲಿ ಕರೆಂಟ್ ಹೋದರೆ ಕಾಪಾಡುವುದು ಕಾರ್ಡ್‌ನ ಬ್ಯಾಟರಿ. ಹಳೆಯ ಸರ್ವರ್‌ನಲ್ಲಿ ಈ ಬ್ಯಾಟರಿ ಸತ್ತಿರುವುದೇ ಜಾಸ್ತಿ. ಸತ್ತರೆ ಕಾರ್ಡ್ ತಾನಾಗಿ ರೈಟ್ ಥ್ರೂಗೆ (ಡಿಸ್ಕ್‌ಗೆ ಬರೆದ ಮೇಲೆಯೇ "ಬರೆದಾಯ್ತು" ಅನ್ನುವುದಕ್ಕೆ) ಬರುತ್ತದೆ, ಕೆಲಸ ನಿಧಾನವಾಗುತ್ತದೆ. ಆಗ ಕೆಲವರು ವೇಗಕ್ಕೋಸ್ಕರ "ಫೋರ್ಸ್ ರೈಟ್ ಬ್ಯಾಕ್" ಅಂತ ಆರಿಸುತ್ತಾರೆ. ಇದನ್ನು ಮಾಡಲೇಬೇಡಿ. ಒಂದು ಸಲ ಕರೆಂಟ್ ಹೋದರೆ ಡೇಟಾಬೇಸ್ ಅರ್ಧಂಬರ್ಧ ಬರೆದು ನಿಲ್ಲುತ್ತದೆ.

ಜೆಡ್‌ಎಫ್‌ಎಸ್ ಹಳೆಯದರ ಮೇಲೆ ಬರೆಯುವುದಿಲ್ಲ. ಹೊಸ ಜಾಗದಲ್ಲಿ ಬರೆದು ಮುಗಿದ ಮೇಲೆ ಗುರುತು ಬದಲಿಸುತ್ತದೆ. ಕರೆಂಟ್ ಹೋದರೆ ಕೊನೆಯ ಕೆಲವು ಸೆಕೆಂಡಿನ ಬರಹ ಹೋಗಬಹುದು, ಫೈಲ್‌ಸಿಸ್ಟಮ್ ಕೆಡುವುದಿಲ್ಲ. ಹಾಗಂತ ಯುಪಿಎಸ್ ಬಿಡುವಂತಿಲ್ಲ. ಮನೆಯ ಇನ್ವರ್ಟರ್ ಸಾಲದು, ಅದು ಬದಲಾಗುವ ಹೊತ್ತಿಗೆ ಕೆಲವು ಸರ್ವರ್ ರೀಬೂಟ್ ಆಗುತ್ತವೆ. "ಆನ್‌ಲೈನ್" ಅನ್ನುವ ಜಾತಿಯ ಯುಪಿಎಸ್ ತಗೊಳ್ಳಿ, ಅದರಲ್ಲಿ ಬದಲಾಗುವ ಹೊತ್ತೇ ಇರುವುದಿಲ್ಲ. ಅದರ ಯುಎಸ್‌ಬಿ ಕೇಬಲ್ ಸರ್ವರ್‌ಗೆ ಜೋಡಿಸಿ, ನಟ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ. ಬ್ಯಾಟರಿ ಕಡಿಮೆಯಾದಾಗ ಸರ್ವರ್ ತಾನೇ ಸರಿಯಾಗಿ ಶಟ್‌ಡೌನ್ ಆಗುತ್ತದೆ. ರಾತ್ರಿ ಪಾಳಿಯಲ್ಲಿ ಯಾರೂ ಇಲ್ಲದ ಕಡೆ ಇದು ಬೇಕೇ ಬೇಕು.

ಹಂತ 5: ಡಿಸ್ಕ್ ಮತ್ತು ಜೋಡಣೆ

ಎರಡು ಡಿಸ್ಕ್ ಇದ್ದರೆ ಮಿರರ್. ನಾಲ್ಕು ಇದ್ದರೆ ಎರಡು ಮಿರರ್ ಜೋಡಿ, ಇದನ್ನೇ ಕಾರ್ಡ್ ಭಾಷೆಯಲ್ಲಿ ರೇಡ್ 10 ಅನ್ನುತ್ತಾರೆ. ಆರು ಅಥವಾ ಜಾಸ್ತಿ ಇದ್ದು ಜಾಗ ಮುಖ್ಯವಾದರೆ ರೇಡ್-ಜೆಡ್ 2, ಅಂದರೆ ಎರಡು ಡಿಸ್ಕ್ ಹೋದರೂ ತಡೆಯುವುದು.

ನಾಲ್ಕು 4 ಟಿಬಿ ಡಿಸ್ಕ್‌ಗೆ ರೇಡ್ 10ರಲ್ಲಿ 8 ಟಿಬಿ, ರೇಡ್ 5ರಲ್ಲಿ 12 ಟಿಬಿ ಸಿಗುತ್ತದೆ. ಆ 4 ಟಿಬಿ ಆಸೆಗೆ ಬೀಳಬೇಡಿ. ಒಂದು ಡಿಸ್ಕ್ ಕೆಟ್ಟರೆ ಉಳಿದ ಮೂರನ್ನೂ ಪೂರ್ತಿ ಓದಬೇಕು, ಅಂದರೆ 12 ಟಿಬಿ. ಡೆಸ್ಕ್‌ಟಾಪ್ ಡಿಸ್ಕ್‌ಗೆ ಕಂಪನಿ ಬರೆಯುವ ಮಿತಿ ಏನೆಂದರೆ, ಸುಮಾರು 12.5 ಟಿಬಿ ಓದುವಷ್ಟರಲ್ಲಿ ಒಂದು ಕಡೆ ಓದಲಾಗದೆ ಹೋಗಬಹುದು. ನಿಜದಲ್ಲಿ ಡಿಸ್ಕ್‌ಗಳು ಅದಕ್ಕಿಂತ ಚೆನ್ನಾಗಿಯೇ ನಡೆಯುತ್ತವೆ, ಆದರೂ ಅಷ್ಟು ಅಂಚಿನಲ್ಲಿ ಯಾಕೆ ನಿಲ್ಲಬೇಕು? ಸೆಕೆಂಡಿಗೆ 150 ಎಂಬಿ ವೇಗದಲ್ಲಿ 4 ಟಿಬಿ ಬರೆಯಲು ಏಳು ತಾಸು ಮೀರುತ್ತದೆ. ಆಫೀಸ್ ಕೆಲಸ ನಡುವೆ ನಡೆದರೆ ಇನ್ನೂ ಜಾಸ್ತಿ. ಜೆಡ್‌ಎಫ್‌ಎಸ್ ಡೇಟಾ ಇರುವಷ್ಟನ್ನೇ ನಕಲು ಮಾಡುತ್ತದೆ, ಸಾಮಾನ್ಯವಾಗಿ ಕಾರ್ಡ್ ಖಾಲಿ ಜಾಗವನ್ನೂ ಬಿಡುವುದಿಲ್ಲ.

ಕೊಳ್ಳುವಾಗ ಸಿಎಂಆರ್ ಡಿಸ್ಕ್ ಕೇಳಿ. ಎಸ್‌ಎಂಆರ್ ಅನ್ನುವ ಇನ್ನೊಂದು ಜಾತಿ ಇದೆ, ಹೆಂಚು ಹೊದಿಸಿದಂತೆ ಸಾಲಿನ ಮೇಲೆ ಸಾಲು ಬರೆಯುವುದು. ಅದು ಅಗ್ಗ, ಆದರೆ ರೀಬಿಲ್ಡ್ ಹೊತ್ತಿನಲ್ಲಿ ಬಹಳ ತಡವರಿಸುತ್ತದೆ. ಅಂಗಡಿಯವರಿಗೆ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಮಾಡೆಲ್ ನಂಬರ್ ತಗೊಂಡು ಕಂಪನಿಯ ವೆಬ್‌ಸೈಟ್‌ನಲ್ಲಿ ನೋಡಿ. ಮತ್ತೆ, ಡೆಸ್ಕ್‌ಟಾಪ್ ಡಿಸ್ಕ್ ಕೆಟ್ಟ ಜಾಗವನ್ನು ಓದಲು ಒಂದೆರಡು ನಿಮಿಷ ಒದ್ದಾಡಬಹುದು. ಅಷ್ಟರಲ್ಲಿ ಕಾರ್ಡ್ ಅದನ್ನು ಸತ್ತಿತು ಅಂತ ಹೊರಗೆ ಹಾಕಿರುತ್ತದೆ. ಅದಕ್ಕೇ ನಾಸ್ (ನೆಟ್‌ವರ್ಕ್ ಸ್ಟೋರೇಜ್) ಅಥವಾ ಸರ್ವರ್ ದರ್ಜೆಯ ಡಿಸ್ಕ್ ತಗೊಳ್ಳಿ.

ಆದರೆ ಎಲ್ಲ ಡಿಸ್ಕನ್ನೂ ಒಂದೇ ಪೆಟ್ಟಿಗೆಯಿಂದ ತರಬೇಡಿ. ಒಂದೇ ದಿನ ಹುಟ್ಟಿದವು ಒಂದೇ ವಾರ ಕೆಡಬಹುದು.

ಹಂತ 6: ಕಟ್ಟುವುದು

ಜೆಡ್‌ಎಫ್‌ಎಸ್ ದಾರಿ ಹಿಡಿದಿದ್ದರೆ, "ಜೆಡ್‌ಪೂಲ್ ಕ್ರಿಯೇಟ್" ಕೊಡುವಾಗ ಲಿನಕ್ಸ್ ಡಿಸ್ಕ್‌ಗಳಿಗೆ ಇಡುವ ಎಸ್‌ಡಿಎ, ಎಸ್‌ಡಿಬಿ ಹೆಸರು ಬಳಸಬೇಡಿ. ರೀಬೂಟ್ ಆದಾಗ ಅವು ಅದಲುಬದಲಾಗಬಹುದು. ಸೀರಿಯಲ್ ನಂಬರ್ ಇರುವ ಬೈ-ಐಡಿ ಹೆಸರು ಕೊಡಿ. ಎ-ಶಿಫ್ಟ್ ಬೆಲೆ 12 ಅಂತ ನೀವೇ ಬರೆಯಿರಿ. ಡಿಸ್ಕ್ 4,096 ಬೈಟ್‌ನ ತುಂಡುಗಳಲ್ಲಿ ಬರೆಯುತ್ತದೆ ಅಂತ ಅದರ ಅರ್ಥ, ಕಟ್ಟಿದ ಮೇಲೆ ಬದಲಿಸಲು ಬರುವುದಿಲ್ಲ. ಎಲ್‌ಜೆಡ್4 ಕಂಪ್ರೆಷನ್ ಆನ್ ಮಾಡಿ. ಡಿ-ಡ್ಯೂಪ್ (ಒಂದೇ ಥರದ ಡೇಟಾವನ್ನು ಒಂದೇ ಸಲ ಇಡುವ ಸೌಲಭ್ಯ) ಅನ್ನು ಮಾತ್ರ ಮುಟ್ಟಬೇಡಿ, ಮೆಮೊರಿ ನುಂಗುತ್ತದೆ. ಸಣ್ಣ ಫೈಲ್ ಸರ್ವರ್‌ಗೆ 8 ಜಿಬಿ ಮೆಮೊರಿ ಸಾಕು. ಇಸಿಸಿ, ಅಂದರೆ ತನ್ನ ತಪ್ಪು ತಾನೇ ತಿದ್ದುವ ಮೆಮೊರಿ ಇದ್ದರೆ ಒಳ್ಳೆಯದು.

ಇಲ್ಲಿ ಬಹಳ ಜನ ಎಡವುವ ಜಾಗ: ಮಿರರ್‌ಗೆ ಇನ್ನೊಂದು ಡಿಸ್ಕ್ ಸೇರಿಸಲು ಬಳಸಬೇಕಾದದ್ದು "ಅಟ್ಯಾಚ್". "ಆಡ್" ಕೊಟ್ಟರೆ ಅದು ಜೊತೆಗಾರನಿಲ್ಲದ ಒಂಟಿ ಡಿಸ್ಕ್ ಆಗಿ ಪೂಲ್‌ಗೆ (ಎಲ್ಲ ಡಿಸ್ಕ್ ಕೂಡಿ ಆದ ಒಟ್ಟು ಜಾಗಕ್ಕೆ) ಸೇರುತ್ತದೆ. ಆ ಒಂದು ಡಿಸ್ಕ್ ಹೋದರೆ ಇಡೀ ಪೂಲ್ ಹೋದಂತೆ. ಕಮಾಂಡ್ ಎಚ್ಚರಿಕೆ ತೋರಿಸಿದರೆ ಅಲ್ಲೇ ನಿಲ್ಲಿ, ಫೋರ್ಸ್ ಮಾಡಬೇಡಿ.

ಬಿಟಿಆರ್‌ಎಫ್‌ಎಸ್ ಇಷ್ಟವಾದರೆ ಅದರ ಮಿರರ್ ಬಳಸಿ. ಅದರ ರೇಡ್ 5, 6 ಇನ್ನೂ ನಂಬುವಂತಾಗಿಲ್ಲ.

ಕಾರ್ಡ್ ದಾರಿ ಹಿಡಿದಿದ್ದರೆ ಕಟ್ಟುವುದು ಸುಲಭ, ಬೂಟ್ ಆಗುವಾಗ ಬರುವ ಮೆನುವಿನಲ್ಲೇ ಆಗುತ್ತದೆ. ಆಮೇಲೆ ಕಂಪನಿಯ ಮಾನಿಟರಿಂಗ್ ಸಾಫ್ಟ್‌ವೇರ್ ಹಾಕುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಡಿಸ್ಕ್ ಕೆಟ್ಟದ್ದು ಆಪರೇಟಿಂಗ್ ಸಿಸ್ಟಮ್‌ಗೆ ಗೊತ್ತೇ ಆಗುವುದಿಲ್ಲ. ಇನ್ನೊಂದು: ಕಾರ್ಡ್ ಬದಲಿಸಿದಾಗ "ಫಾರಿನ್ ಕಾನ್ಫಿಗರೇಷನ್" ಅಂತ ಬರುತ್ತದೆ. "ಇಂಪೋರ್ಟ್" ಆರಿಸಬೇಕು. "ಕ್ಲಿಯರ್" ಒತ್ತಿದರೆ ಜೋಡಣೆಯ ಗುರುತೇ ಅಳಿದುಹೋಗುತ್ತದೆ.

ಹಂತ 7: ಡೇಟಾ ಹಾಕುವ ಮೊದಲು ಕೆಡಿಸಿ ನೋಡಿ

ಒಂದಷ್ಟು ಬೇಡದ ಫೈಲ್ ತುಂಬಿ. ಹಾಟ್-ಸ್ವಾಪ್ ಇರುವ ಸರ್ವರ್ ಆದರೆ ಓಡುತ್ತಿರುವಾಗಲೇ ಒಂದು ಡಿಸ್ಕ್ ಎಳೆಯಿರಿ, ಇಲ್ಲದಿದ್ದರೆ ಶಟ್‌ಡೌನ್ ಮಾಡಿ ತೆಗೆಯಿರಿ. ಕೆಲಸ ನಡೆಯುತ್ತದಾ? ನಿಮ್ಮ ಮೇಲ್‌ಗೆ ಎಚ್ಚರಿಕೆ ಬಂತಾ? ಬದಲಿಸಿದ ಮೇಲೆ ಎಷ್ಟು ತಾಸು ಹಿಡಿಯಿತು? ಉತ್ತರಗಳನ್ನು ಬರೆದಿಡಿ. ಪ್ರತಿ ಡಿಸ್ಕ್‌ನ ಸೀರಿಯಲ್ ನಂಬರ್ ಚೀಟಿಯಲ್ಲಿ ಬರೆದು ಆಯಾ ಟ್ರೇ ಮುಂಭಾಗಕ್ಕೆ ಅಂಟಿಸಿ. ಈ ಚೀಟಿಯ ಬೆಲೆ ಕೊನೆಯ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 8: ತಿಂಗಳ ಕೆಲಸ, ಬೇಸಿಗೆಯ ಕೆಲಸ

ಸ್ಕ್ರಬ್ ಅಂದರೆ ಎಲ್ಲ ಡೇಟಾ ಓದಿ ಚೆಕ್‌ಸಮ್ ತಾಳೆ ನೋಡುವುದು. ತಿಂಗಳಿಗೊಮ್ಮೆ ಆಗಬೇಕು. ಉಬುಂಟು, ಡೆಬಿಯನ್‌ನಲ್ಲಿ ಜೆಡ್‌ಎಫ್‌ಎಸ್ ಪ್ಯಾಕೇಜ್ ತಾನೇ ತಿಂಗಳ ಎರಡನೇ ಭಾನುವಾರಕ್ಕೆ ಇಟ್ಟಿರುತ್ತದೆ. ಸರ್ವರ್ ಭಾನುವಾರ ಆಫ್ ಮಾಡುವ ಅಭ್ಯಾಸ ಇದ್ದರೆ ಅದು ಓಡುವುದೇ ಇಲ್ಲ, ಬೇರೆ ದಿನಕ್ಕೆ ಬದಲಿಸಿ. ಕಾರ್ಡ್‌ನಲ್ಲಿ ಇದರ ಹತ್ತಿರದ ಕೆಲಸಕ್ಕೆ ಪ್ಯಾಟ್ರೋಲ್ ರೀಡ್ ಮತ್ತು ಕನ್ಸಿಸ್ಟೆನ್ಸಿ ಚೆಕ್ ಅಂತ ಹೆಸರು. ಪೂಲ್ 80 ಪರ್ಸೆಂಟ್ ತುಂಬುವ ಮೊದಲೇ ಜಾಗದ ವ್ಯವಸ್ಥೆ ಮಾಡಿ.

ಕಲಬುರಗಿ, ಯಾದಗಿರಿಯ ಮೇ ತಿಂಗಳು ನಿಮಗೆ ಗೊತ್ತೇ ಇದೆ. ಹೊರಗೆ 42 ಡಿಗ್ರಿ ದಾಟುತ್ತದೆ. ಬೀದರ್ ಎತ್ತರದಲ್ಲಿರುವುದರಿಂದ ಸ್ವಲ್ಪ ವಾಸಿ. ಡಿಸ್ಕ್‌ಗಳ ಬಿಸಿ 45ರ ಒಳಗೆ ಇರಲಿ, "ಸ್ಮಾರ್ಟ್-ಸಿಟಿಎಲ್" ಕಮಾಂಡ್ ಅದನ್ನು ತೋರಿಸುತ್ತದೆ. ಸ್ಕ್ರಬ್ ಮತ್ತು ರೀಬಿಲ್ಡ್ ಹೊತ್ತಿನಲ್ಲಿ ಬಿಸಿ ಏರುತ್ತದೆ, ಬೇಸಿಗೆಯಲ್ಲಿ ಸ್ಕ್ರಬ್ ಅನ್ನು ನಡುರಾತ್ರಿಗೆ ಇಡಿ. ದಾಲ್ ಮಿಲ್‌ನವರು, ಹತ್ತಿ ಜಿನ್ನಿಂಗ್‌ನವರು ಸರ್ವರ್ ಅನ್ನು ಮಷಿನ್ ಇರುವ ಶೆಡ್‌ನಲ್ಲಿ ಇಡಲೇಬಾರದು. ಹೊಟ್ಟಿನ ಧೂಳು ಫ್ಯಾನಿಗೆ ಕಟ್ಟಿಕೊಂಡರೆ ಎಸಿ ಇದ್ದೂ ಪ್ರಯೋಜನ ಇಲ್ಲ.

ಹಂತ 9: ಬ್ಯಾಕಪ್ ಬೇರೆಯೇ

ಮಿರರ್ ಬ್ಯಾಕಪ್ ಅಲ್ಲ. ಒಂದು ಫೈಲ್ ಅಳಿಸಿದರೆ ಎರಡೂ ಕಡೆ ಅಳಿಯುತ್ತದೆ. ವೈರಸ್ ಬೀಗ ಹಾಕಿದರೆ ಎರಡೂ ಕಡೆ ಬೀಗ. ಸಿಡಿಲು ಬಡಿದರೆ ಎಲ್ಲ ಡಿಸ್ಕೂ ಒಟ್ಟಿಗೇ ಹೋಗಬಹುದು. ಜೆಡ್‌ಎಫ್‌ಎಸ್‌ನಲ್ಲಿ ಸ್ನ್ಯಾಪ್‌ಶಾಟ್ ಇದೆ, ಅಂದರೆ ಆ ಗಳಿಗೆಯ ಸ್ಥಿತಿಯನ್ನು ಹಾಗೇ ಹಿಡಿದಿಡುವುದು. ತಾಸಿಗೊಂದು ತೆಗೆಯಿರಿ. ರಾತ್ರಿ "ಜೆಡ್‌ಎಫ್‌ಎಸ್ ಸೆಂಡ್" ಮೂಲಕ ಬದಲಾದಷ್ಟನ್ನೇ ಇನ್ನೊಂದು ಊರಿನ ಮಷಿನ್‌ಗೆ ಕಳಿಸಿ. ಬದಲಾದ ಭಾಗ ಮಾತ್ರ ಹೋಗುವುದರಿಂದ ಸಾಧಾರಣ ಬ್ರಾಡ್‌ಬ್ಯಾಂಡ್ ಸಾಕಾಗುತ್ತದೆ. ಕಾರ್ಡ್ ಇರುವವರು ಎರಡು ಹೊರ ಡಿಸ್ಕ್‌ಗಳಿಗೆ ಸರದಿಯಂತೆ ಬ್ಯಾಕಪ್ ಮಾಡಿ, ವಾರವಾರ ಅದಲುಬದಲು ಮಾಡುತ್ತ, ಒಂದನ್ನು ಮನೆಗೆ ಒಯ್ಯಿರಿ.

ಹಂತ 10: ಡಿಸ್ಕ್ ನಿಜವಾಗಿ ಕೆಟ್ಟ ದಿನ

ಅವಸರ ಬೇಡ. ಮೊದಲು ಬ್ಯಾಕಪ್ ಆಗಿದೆಯಾ ನೋಡಿ. "ಜೆಡ್‌ಪೂಲ್ ಸ್ಟೇಟಸ್" ಕೊಟ್ಟು ಕೆಟ್ಟದ್ದರ ಸೀರಿಯಲ್ ನಂಬರ್ ಬರೆದುಕೊಳ್ಳಿ. ಟ್ರೇ ಮೇಲಿನ ಚೀಟಿಗೆ ತಾಳೆ ನೋಡಿ, ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ. ಮಿರರ್‌ನಲ್ಲಿ ಕೆಟ್ಟದ್ದರ ಬದಲು ಒಳ್ಳೆಯ ಡಿಸ್ಕ್ ಎಳೆದರೆ ಸರ್ವರ್ ಅಲ್ಲೇ ನಿಲ್ಲುತ್ತದೆ. ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ದೊಡ್ಡದಿರಬೇಕು. ಹಾಕಿದ ಮೇಲೆ "ಜೆಡ್‌ಪೂಲ್ ರಿಪ್ಲೇಸ್" ಕೊಡಿ. ರಿಸಿಲ್ವರ್ ಶುರುವಾಗುತ್ತದೆ, ಕಾರ್ಡ್‌ನವರು ರೀಬಿಲ್ಡ್ ಅನ್ನುವುದನ್ನೇ ಜೆಡ್‌ಎಫ್‌ಎಸ್ ಹೀಗೆ ಕರೆಯುತ್ತದೆ. ಅದು ಮುಗಿಯುವವರೆಗೆ ರೀಬೂಟ್ ಬೇಡ, ಅಪ್‌ಡೇಟ್ ಬೇಡ. ಮುಗಿದ ರಾತ್ರಿಯೇ ಒಂದು ಸ್ಕ್ರಬ್ ಓಡಿಸಿ.

ಕೆಟ್ಟ ಡಿಸ್ಕ್ ವಾರಂಟಿಯಲ್ಲಿದ್ದರೆ ಬಿಲ್ ಜೊತೆ ಕಳಿಸಬಹುದು. ಆದರೆ ಅದರಲ್ಲಿ ಇನ್ನೂ ಡೇಟಾ ಇರುತ್ತದೆ. ಕಂಪ್ಯೂಟರ್‌ಗೆ ಕಂಡರೆ ಪೂರ್ತಿ ಅಳಿಸಿ ಕಳಿಸಿ. ಕಾಣದೇ ಇದ್ದು, ಒಳಗೆ ಜನರ ಆಸ್ಪತ್ರೆ ರಿಪೋರ್ಟ್ ಅಥವಾ ಬ್ಯಾಂಕ್ ವಿವರ ಇದ್ದರೆ, ವಾರಂಟಿ ದುಡ್ಡಿನ ಆಸೆ ಬಿಟ್ಟು ಡಿಸ್ಕನ್ನು ಒಡೆದುಹಾಕಿ.